ಗವಿಪೇಟೆಯ ಗಾಳಿಪೆಟ್ಟಿಗೆಗಳು

ಗವಿಪೇಟೆಯ ಮನೆಗಳಲ್ಲಿ ದೇವರಿಗೊಂದು ಗೂಡು ಇದ್ದ ಹಾಗೆ ಗಾಳಿಗೊಂದು ಪೆಟ್ಟಿಗೆ ಇತ್ತು. ದೇವರ ದೀಪವನ್ನು ಒಂದು ದಿನ ಮರೆತರೆ ನಡೆಯುತ್ತಿತ್ತು. ಗಾಳಿಪೆಟ್ಟಿಗೆಯನ್ನು ಮರೆಯುವ ಹಾಗಿರಲಿಲ್ಲ. ಚಂದ್ರನ ನೆಲದ ಅಡಿಯಲ್ಲಿ, ಯಾವುದೋ ಕಾಲದಲ್ಲಿ ಕಾದು ಕರಗಿದ ಕಲ್ಲು ಹರಿದು ಹೋಗಿ ಉಳಿಸಿದ ಉದ್ದನೆಯ ಗವಿಯಲ್ಲಿ ಊರು ಕಟ್ಟಿಕೊಂಡವರಿಗೆ ಗಾಳಿ ಪುಕ್ಕಟೆ ಸಿಗುವ ವಸ್ತುವಲ್ಲ. ಊರಿನ ಒಂದು ತುದಿಗೆ ದೊಡ್ಡ ಫ್ಯಾನು, ಅಲ್ಲಿಂದ ಓಣಿ ಓಣಿಗೆ ಕೊಳವೆ, ಕೊಳವೆ ಮನೆಯೊಳಗೆ ಬರುವ ಜಾಗದಲ್ಲಿ ಈ ಪೆಟ್ಟಿಗೆ. ಕೊಳವೆಯಲ್ಲಿ ಗಾಳಿಯ ಒತ್ತಡ ಸ್ವಲ್ಪ ಇಳಿದರೂ ಸಾಕು, ಪೆಟ್ಟಿಗೆ ತಾನಾಗಿ ಬಾಯಿ ಮುಚ್ಚಿಕೊಂಡು ಮನೆಯ ಗಾಳಿಯನ್ನು ಮನೆಯಲ್ಲೇ ಹಿಡಿದಿಡುತ್ತಿತ್ತು. ಆಮೇಲೆ ತಾನು ಮಾಡಿದ್ದನ್ನು ಹೊತ್ತಿನ ಸಮೇತ ತನ್ನೊಳಗೇ ಬರೆದುಕೊಳ್ಳುತ್ತಿತ್ತು. ಪೆಟ್ಟಿಗೆಯ ಮುಖದ ಮೇಲೆ ದೊಡ್ಡ ಅಂಕಿಗಳ ಗಡಿಯಾರವೂ ಇತ್ತು. ತಿಂಗಳಿಗೊಂದೇ ಸಲ ಸೂರ್ಯ ಹುಟ್ಟುವ ಲೋಕದಲ್ಲಿ ಮನೆಮಂದಿಗೆಲ್ಲ ಅದೇ ಗಡಿಯಾರ.

ಊರು ಕಟ್ಟಿದವರು ಬಾಗಲಕೋಟೆ ಸೀಮೆಯ ಕಲ್ಲುಕುಟಿಗರು. ಗವಿ ಕಡಿದು ಮನೆ ಮಾಡಲು ಕಲ್ಲಿನ ಮರ್ಮ ಬಲ್ಲವರು ಬೇಕೆಂದು ಅವರನ್ನು ಕರೆದೊಯ್ದಿದ್ದರು. ಕೆಲಸ ಮುಗಿಯಿತು, ಇನ್ನು ಇಳಿದು ಬನ್ನಿ ಎಂದರೆ ಒಬ್ಬರೂ ಏಳಲಿಲ್ಲ. ತಾವು ಕಡಿದ ಮನೆಯಲ್ಲಿ ಬೇರೆಯವರು ಬಂದು ಕಾಲು ಚಾಚುವುದೆಂದರೇನು ಎಂದು ಅಲ್ಲೇ ಬೇರೂರಿದರು. ಜೋಳ ಬೆಳೆದರು, ಮೆಣಸಿನಗಿಡ ಹಚ್ಚಿದರು. ರೊಟ್ಟಿ ಬಡಿಯುವವರು ಪ್ರತಿ ಏಟಿಗೂ ನೆಲ ಬಿಟ್ಟು ಮೇಲೇಳದಂತೆ ತೊಡೆಗೆ ಪಟ್ಟಿ ಬಿಗಿದು ಕೂರುವುದನ್ನೂ ಕಲಿತರು. ಎಲ್ಲ ಆಯಿತು, ಆದರೆ ಗವಿಪೇಟೆಯಲ್ಲಿ ಇನ್ನೂ ಒಂದು ಕೂಸು ಹುಟ್ಟಿರಲಿಲ್ಲ.

ಅದಕ್ಕೆ ಕಾರಣ ಚಂದ್ರವಸತಿ ಮಂಡಳಿಯ ಕಟ್ಟಳೆ. ಬಸುರಿಯಾದವಳು ದಿನ ತುಂಬುವ ಮೊದಲೇ ಸರಕಿನ ನೌಕೆ ಹತ್ತಿ ಭೂಮಿಯ ಸುತ್ತ ತಿರುಗುವ ಆಸ್ಪತ್ರೆಗೆ ಹೋಗಬೇಕು. ಹೆತ್ತ ಮೇಲೆ ಕೂಸಿನ ಎಲುಬು ಪ್ರಯಾಣಕ್ಕೆ ಗಟ್ಟಿಯಾಗುವ ತನಕ ವರ್ಷಗಟ್ಟಲೆ ಅಲ್ಲೇ ಇರಬೇಕು. ಗಂಡನಾಗಲಿ ತಾಯಿಯಾಗಲಿ ಜೊತೆಗೆ ಹೋಗುವಂತಿಲ್ಲ. ಗವಿಪೇಟೆಯವರು ಗೋಗರೆದೂ ಗೋಗರೆದೂ ಕಡೆಗೆ ಮಂಡಳಿ ಮೆತ್ತಗಾಯಿತು. ಹೆರಿಗೆ ಅಲ್ಲೇ ಆಗಲಿ, ಆದರೆ ಊರಿನ ಎಲ್ಲ ಪೆಟ್ಟಿಗೆಗಳ ದಾಖಲೆ ಒಂದೇ ಕಡೆ ಓದಲು ಸಿಗಬೇಕು, ಕಾರಣ ತಿಳಿಯದ ಒಂದೇ ಒಂದು ಸಾಲೂ ಅದರಲ್ಲಿ ಇರಕೂಡದು ಎಂದಿತು.

ಈ ಕೆಲಸ ಬಂದು ಬಿದ್ದದ್ದು ದಾಕ್ಷಾಯಣಿ ಬಡಿಗೇರಳ ತಲೆಗೆ. ಊರಿನ ಕಂಪ್ಯೂಟರ್ ಜಾಲ ನೋಡಿಕೊಳ್ಳುವ ಎಂಜಿನಿಯರ್ ಆಕೆ. ಆಗ ಊರಿನಲ್ಲಿದ್ದ ಒಬ್ಬಳೇ ಬಸುರಿ ರೇಣುಕಾ, ಆಕೆಯ ಒಡಹುಟ್ಟಿದ ತಂಗಿ. ರೇಣುಕಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ತವರೆಂದರೆ ಗಂಡನ ಮನೆಯಿಂದ ಎರಡೇ ಓಣಿ ಆಚೆ. ಆದರೂ ಕಳಿಸುವಾಗ ಅತ್ತೆ ಕಣ್ಣೀರು ಹಾಕಿದಳು, ಕರೆತರುವಾಗ ತಾಯಿ ಗಂಗವ್ವ ಹಾಕಿದಳು. ಗಂಡ ಈರಣ್ಣ ಮಾತ್ರ ಅಳಲಿಲ್ಲ. ಅವನು ಅಂದೇ ಸಂಜೆ ಊಟಕ್ಕೆ ಬಂದು ಕೂತಿದ್ದ.

"ಅಕ್ಕಾ, ಆ ನೌಕಾ ಬರೂದ್ರೊಳಗ ನಿನ್ನ ಕೆಲಸ ಮುಗೀತೈತೇನ?" ಎಂದು ರೇಣುಕಾ ಕೇಳಿದಳು.

"ಮುಗೀಲಿಲ್ಲಂದ್ರ ನಾನ ಆ ನೌಕಾದ ಬಾಗಲದಾಗ ಅಡ್ಡ ಮಲಗತೀನಿ. ನೀ ಉಣ್ಣು," ಎಂದಳು ದಾಕ್ಷಾಯಣಿ. ಧೈರ್ಯದ ಮಾತೇನೋ ಸರಿ. ಆದರೆ ಆ ರಾತ್ರಿ ಆಕೆ ನೌಕೆ ಬರಲು ಉಳಿದ ದಿನಗಳನ್ನು ಎರಡು ಸಲ ಎಣಿಸಿದಳು.

ಅಲ್ಲಿಯವರೆಗೆ ಯಾವ ಮನೆಯಲ್ಲಿ ಏನಾಯಿತೆಂದು ತಿಳಿಯಬೇಕಾದರೆ ಆ ಮನೆಗೇ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ಓದಬೇಕಿತ್ತು. ಮುನ್ನೂರು ಮನೆ, ಮುನ್ನೂರು ಪೆಟ್ಟಿಗೆ, ಒಂದಕ್ಕೊಂದು ಮಾತಿಲ್ಲ ಕಥೆಯಿಲ್ಲ. ದಾಕ್ಷಾಯಣಿ ನಿಯಂತ್ರಣ ಕೊಠಡಿಯಲ್ಲಿ ಒಂದು ಲಾಗ್ ಸರ್ವರ್ ನಿಲ್ಲಿಸಿದಳು. ಜಾಲ ಬಿಡುವಾಗಿರುವ ಹೊತ್ತು ನೋಡಿ ಪ್ರತಿ ಪೆಟ್ಟಿಗೆಯೂ ದಿನಕ್ಕೊಮ್ಮೆ ತಾನು ಬರೆದದ್ದನ್ನೆಲ್ಲ ಒಂದು ಗಂಟು ಕಟ್ಟಿ ಅದಕ್ಕೆ ಕಳಿಸಬೇಕು. ಸರ್ವರ್ ಆ ಗಂಟುಗಳನ್ನು ಬಿಚ್ಚಿ, ಸಾಲುಗಳನ್ನು ಹೊತ್ತಿನ ಪ್ರಕಾರ ಪೋಣಿಸಿ, ಊರಿಗೆಲ್ಲ ಒಂದೇ ದಾಖಲೆ ಮಾಡಬೇಕು. ಇಷ್ಟನ್ನು ಆಕೆ ತಾಯಿಗೆ ಬಿಡಿಸಿ ಹೇಳಿದಾಗ ಗಂಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು:

"ಅಂದ್ರ ಎಲ್ಲಾರ ಮನೀ ಸುದ್ದಿ ಒಂದ ಕಡೆ ಹೋಗಿ ಕೂಡತೈತಿ. ಚಾಡಿಪೆಟಗಿ ಅನ್ನು ಮತ್ತ."

ಅಂದಿನಿಂದ ಊರಿನ ಬಾಯಲ್ಲಿ ಅದಕ್ಕೆ ಚಾಡಿಪೆಟ್ಟಿಗೆ ಎಂಬುದೇ ಹೆಸರಾಯಿತು.

ಪೆಟ್ಟಿಗೆಗಳನ್ನು ಸರ್ವರಿಗೆ ಜೋಡಿಸಲು ದಾಕ್ಷಾಯಣಿ ಮನೆ ಮನೆ ತಿರುಗಿದಳು. ಒಂದು ಮನೆಯಲ್ಲೂ ಬರಿಗೈಯಲ್ಲಿ ಕಳಿಸಲಿಲ್ಲ. ಒಂದು ಕಡೆ ಚುರುಮುರಿ, ಇನ್ನೊಂದು ಕಡೆ ಮೆಂತೆಪಲ್ಲೆ, ಮತ್ತೊಂದು ಕಡೆ ಬೇಡವೆಂದರೂ ಎರಡನೆಯ ಲೋಟ ಚಹಾ. ಎಲ್ಲ ಕಡೆಯೂ ಆಕೆ ತಪ್ಪದೆ ಕೇಳುತ್ತಿದ್ದ ಪ್ರಶ್ನೆ ಒಂದು. "ಪೆಟಗಿ ಗಡಿಯಾರ ಸರಿ ಐತೇನ್ರಿ?" ಎಲ್ಲ ಕಡೆಯೂ ಬರುತ್ತಿದ್ದ ಉತ್ತರವೂ ಒಂದೇ. "ಬರೋಬ್ಬರಿ ಐತವಾ. ಒಂದ ಸೆಕೆಂಡ ಆಕಡೆ ಈಕಡೆ ಆಗಂಗಿಲ್ಲ." ಆಕೆ ಗಡಿಯಾರದ ನಡಿಗೆಯ ವೇಗ ಅಳೆಯುವ ಉಪಕರಣ ಹಚ್ಚಿ ನೋಡಿದಳು. ನಿಜವೇ, ಯಾವ ಗಡಿಯಾರವೂ ಓಡುತ್ತಿರಲಿಲ್ಲ, ಕುಂಟುತ್ತಲೂ ಇರಲಿಲ್ಲ.

ಕೊನೆಯ ಓಣಿಯ ಕೊನೆಯ ಮನೆ ಮೆಣಸಿನ ತೋಟದ ಫಕೀರವ್ವನದು. ಆಕೆ ಇಡೀ ಗವಿಪೇಟೆಯಲ್ಲಿ ತಡಕ್ಕೆ ಹೆಸರಾದವಳು. ತನ್ನ ಮದುವೆಯ ಅಕ್ಷತೆಗೂ ತಡವಾಗಿ ಬಂದಳು, ಭಟ್ಟರು ಎರಡು ಸಲ ಮಂತ್ರ ಹೇಳಬೇಕಾಯಿತು ಎಂದು ಊರವರು ಆಡಿಕೊಳ್ಳುತ್ತಿದ್ದರು. ದಾಕ್ಷಾಯಣಿ ಹೋದಾಗ ಮನೆಗೆ ಚಿಲಕ. ಬಹಳ ಹೊತ್ತಿನ ಮೇಲೆ ಫಕೀರವ್ವ ಬುಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಮಾರುದ್ದ ಜಿಗಿತಗಳಲ್ಲಿ ಓಣಿ ದಾಟಿ ಬಂದಳು. "ತಡಾ ಆತೇನವಾ?" ಎಂದು ಕೇಳಿ ತಾನೇ ನಕ್ಕಳು.

ಸರ್ವರ್ ಶುರುವಾದ ದಿನ ನಿಯಂತ್ರಣ ಕೊಠಡಿಯಲ್ಲಿ ಇಬ್ಬರೇ ಇದ್ದರು, ದಾಕ್ಷಾಯಣಿ ಮತ್ತು ದೊಡ್ಡ ಫ್ಯಾನು ನೋಡಿಕೊಳ್ಳುವ ಮೆಹಬೂಬ. ಪರದೆಯ ಮೇಲೆ ಒಂದೊಂದೇ ಮನೆಯ ಸಾಲುಗಳು ಬಂದು ತಮ್ಮ ತಮ್ಮ ಜಾಗದಲ್ಲಿ ಕೂರತೊಡಗಿದವು. ಇಂಥವರ ಮನೆಯಲ್ಲಿ ಫಿಲ್ಟರ್ ಬದಲಾಯಿತು, ಇಂಥವರ ಮನೆಯಲ್ಲಿ ಒಗ್ಗರಣೆ ಹೊಗೆ ಹೆಚ್ಚಾಗಿ ಒಳಫ್ಯಾನು ಜೋರಾಯಿತು. ಮುನ್ನೂರು ಮನೆಯ ಬದುಕು ಹೀಗೆ ಒಂದೇ ಪರದೆಯಲ್ಲಿ ಹರಿಯುವುದನ್ನು ನೋಡಿ ದಾಕ್ಷಾಯಣಿಗೆ ಹಿಗ್ಗೋ ಹಿಗ್ಗು.

ಸರ್ವರ್ ಹಳೆಯ ದಾಖಲೆಗಳನ್ನೂ ಎಳೆದು ತಂದಿತ್ತು. ಕೆಲವು ತಿಂಗಳ ಹಿಂದೆ ದೊಡ್ಡ ಫ್ಯಾನಿನ ಬೇರಿಂಗ್ ಹಿಡಿದುಕೊಂಡು ಒಂದಿಷ್ಟು ಹೊತ್ತು ಗಾಳಿ ನಿಂತಿತ್ತು. ಆಗ ಮನೆ ಮನೆಯ ಪೆಟ್ಟಿಗೆ ಬಾಯಿ ಮುಚ್ಚಿಕೊಂಡಿತು, ಮೆಹಬೂಬ ಬೇರಿಂಗ್ ಬದಲಿಸಿದ, ಜನ ತಮಗೆ ಬಿಡುವಾದಾಗ ಪೆಟ್ಟಿಗೆಯ ಬಾಯಿಯನ್ನು ಕೈಯಿಂದ ತೆರೆದುಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಈಗ ಆ ದಿನದ ಪುಟ ತೆರೆದು ನೋಡಿದರೆ ಎಲ್ಲ ತಲೆಕೆಳಗು. ಮನೆಗಳ ಪೆಟ್ಟಿಗೆಗಳು ಮೊದಲು ಬಾಯಿ ಮುಚ್ಚಿದ್ದವು. ಫ್ಯಾನು ನಿಂತದ್ದು ಆಮೇಲೆ. ಫಕೀರವ್ವನ ಪೆಟ್ಟಿಗೆಯಂತೂ ಅರ್ಧ ಗಂಟೆ ಮುಂಚೆಯೇ ಮುಚ್ಚಿಕೊಂಡು ಕೂತಿತ್ತು.

"ಅಕ್ಕಾರ, ಇವಕ್ಕ ಮೊದಲ ಹೆಂಗ ಗೊತ್ತಾತ್ರಿ?" ಎಂದು ಮೆಹಬೂಬ ಕಣ್ಣು ಅರಳಿಸಿದ.

ದಾಕ್ಷಾಯಣಿಗೂ ಗೊತ್ತಿರಲಿಲ್ಲ. ಮಂಡಳಿಯ ಪರೀಕ್ಷಾಧಿಕಾರಿ ಇಂದುಮತಿಯವರಿಗೆ ಮಾತ್ರ ಭೂಮಿಯ ಮೇಲೆ ಕೂತಲ್ಲೇ ಎಲ್ಲ ಹೊಳೆದುಹೋಯಿತು. ಅವರು ಮೈಸೂರಿನ ಕಡೆಯವರು. ಮಾತು ಬೆಣ್ಣೆ, ಆದರೆ ಕಟ್ಟಳೆಯ ವಿಷಯ ಬಂದರೆ ಕೂದಲೆಳೆಯಷ್ಟೂ ಅಲ್ಲಾಡುವವರಲ್ಲ. ಒಂದು ಮಾತು ಭೂಮಿಗೆ ಹೋಗಿ ಉತ್ತರ ಬರಲು ಮೂರು ಸೆಕೆಂಡು ಬೇಕು. ಆ ಮೂರು ಸೆಕೆಂಡು ದಾಕ್ಷಾಯಣಿಗೆ ಮೂರು ಯುಗ.

"ನೋಡಮ್ಮ, ಪೆಟ್ಟಿಗೆಗಳು ಒಂದೊಂದಾಗಿ ಬಾಯಿ ಮುಚ್ಚಿವೆ. ಗಾಳಿ ಹೋಗೋಕೆ ಜಾಗ ಇಲ್ಲದೆ ಫ್ಯಾನಿನ ಮೇಲೆ ಭಾರ ಬಿದ್ದು ಬೇರಿಂಗ್ ಹಿಡಿದುಕೊಂಡಿದೆ. ಅಂದರೆ ಫ್ಯಾನಿನಿಂದ ಪೆಟ್ಟಿಗೆ ಮುಚ್ಚಿಲ್ಲ, ಪೆಟ್ಟಿಗೆಗಳಿಂದ ಫ್ಯಾನು ನಿಂತಿದೆ. ಪೆಟ್ಟಿಗೆಗಳು ಯಾಕೆ ಮುಚ್ಚಿಕೊಂಡವು ಅಂತ ನಿಮಗೇ ಗೊತ್ತಿಲ್ಲ. ಅಂಥ ಊರಲ್ಲಿ ಹಸುಗೂಸು ಇರೋದು ಬೇಡ. ನಿಮ್ಮ ತಂಗಿ ಈ ಸಲದ ನೌಕೆಗೇ ಹೊರಟುಬಿಡಲಿ."

"ಗಡಿಯಾರ ತಪ್ಪಿರಬಹುದಲ್ಲ ಮೇಡಂ?"

"ನಾನೂ ಅದನ್ನೇ ಯೋಚಿಸಿದೆ. ಕೆಟ್ಟ ಗಡಿಯಾರಗಳಾದರೆ ಕೆಲವು ಮುಂದೆ ಇರ್ತವೆ, ಕೆಲವು ಹಿಂದೆ ಇರ್ತವೆ. ಇಲ್ಲಿ ಮುನ್ನೂರೂ ಮುಂದೆ, ಹಿಂದೆ ಒಂದಾದರೂ ಇದೆಯಾ ತೋರಿಸಿ."

ದಾಕ್ಷಾಯಣಿ ಹುಡುಕಿದಳು. ಒಂದೂ ಇರಲಿಲ್ಲ. ಇಂದುಮತಿಯವರ ಲೆಕ್ಕದಲ್ಲಿ ಹುಳುಕು ಕಾಣಲಿಲ್ಲ.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು! ಗವಿಪೇಟೆಯ ಪೆಟ್ಟಿಗೆಗಳಿಗೆ ಮುಂದಾಗುವುದು ಮೊದಲೇ ತಿಳಿಯುತ್ತದೆಯಂತೆ ಎಂದು ಓಣಿ ಓಣಿಯಲ್ಲಿ ಮಾತು. ಯಾರ ಪೆಟ್ಟಿಗೆ ಎಷ್ಟು ಮುಂಚೆ ಕಂಡಿತು ಎಂಬುದರ ಮೇಲೆ ಮನೆತನದ ಮರ್ಯಾದೆ ನಿಂತುಬಿಟ್ಟಿತು. ಹತ್ತು ನಿಮಿಷ ಮುಂಚೆ ಕಂಡ ಪೆಟ್ಟಿಗೆಯವರು ಐದು ನಿಮಿಷದವರನ್ನು ನೋಡಿ ಮೀಸೆ ತಿರುವಿದರು. ಫಕೀರವ್ವನ ಪೆಟ್ಟಿಗೆಗೆ ಕುಂಕುಮ ಬಿತ್ತು, ಮೆಣಸಿನಕಾಯಿಯ ಮಾಲೆ ಬಿತ್ತು. ಪ್ರಶ್ನೆ ಕೇಳಿದ ಕೂಡಲೇ ಒಳಫ್ಯಾನು ಗುರ್ ಎಂದರೆ ಹೌದು, ಸುಮ್ಮನಿದ್ದರೆ ಇಲ್ಲ ಎಂದು ಅದರ ಭಾಷೆಯನ್ನೂ ಜನರೇ ಗೊತ್ತು ಮಾಡಿದರು. ಬಾಗಿಲಲ್ಲಿ ಸಾಲು ನಿಂತಿತು. ತಾನು ಇಲ್ಲದಾಗಲೂ ತನ್ನ ಮನೆಯಲ್ಲಿ ಇಷ್ಟು ಜನ ಸೇರುತ್ತಾರೆಂದು ಫಕೀರವ್ವನಿಗೆ ಬಲು ಸಂತೋಷ.

ಗಂಗವ್ವನೂ ಗುಟ್ಟಾಗಿ ಹೋಗಿ ಬಂದಳು. ದಾಕ್ಷಾಯಣಿ ಮನೆಗೆ ಬಂದಾಗ ತಾಯಿ ಮೂಲೆಯಲ್ಲಿ ಶೇಂಗಾ ಹುರಿಯುತ್ತ ಕೂತಿದ್ದಳು, ಮುಖ ಬಾಡಿತ್ತು, ಬೆರಳಿಗೆ ಫಕೀರವ್ವನ ಪೆಟ್ಟಿಗೆಯ ಕುಂಕುಮ ಹತ್ತಿತ್ತು.

"ಏನ ಕೇಳಿದ್ಯವ್ವಾ?"

"ನನ್ನ ಮಗಳು ಇಲ್ಲೇ ಹಡೀತಾಳೇನ ಅಂತ ಕೇಳಿದ್ನಿ. ಗಪ್ಪನ ಕುಂತಿತ್ತು, ಮೂಳ!"

"ಅದು ಪೆಟಗಿ, ಅದಕ್ಕೇನ ತಿಳೀತೈತಿ?"

"ಮೊದಲ ತಿಳೀತಿತ್ತಂತ ನಿನ್ನ ಚಾಡಿಪೆಟಗೀನ ಹೇಳೇತಲ್ಲ!" ಎಂದು ಗಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಕೋಣೆಯಲ್ಲಿ ರೇಣುಕಾ ಬಟ್ಟೆ ಮಡಚುತ್ತಿದ್ದಳು. ನೌಕೆಗೆ ಒಯ್ಯುವ ಚೀಲ ಅರ್ಧ ತುಂಬಿತ್ತು. ದಾಕ್ಷಾಯಣಿ ಅದನ್ನು ನೋಡಿಯೂ ನೋಡದವಳಂತೆ ದಾಟಿ ಹೋದಳು. ತಾನು ಕಟ್ಟಿದ ಸರ್ವರೇ ತಂಗಿಯನ್ನು ಊರು ಬಿಡಿಸುತ್ತಿದೆಯಲ್ಲ ಎಂಬುದು ಆಕೆಯನ್ನು ಕಿತ್ತು ತಿನ್ನುತ್ತಿತ್ತು.

ಹೋಗುವುದೇ ಆದರೂ ಕುಬಸ ಮಾಡದೆ ಕಳಿಸುವುದುಂಟೆ? ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ಇಡಿಸಿ, ಉಡಿ ತುಂಬುವ ಶಾಸ್ತ್ರ ಅದು. ಓಣಿಯ ಹೆಂಗಸರೆಲ್ಲ ಬಂದರು. ರೇಣುಕಾ ಹಸಿರು ಸೀರೆಯಲ್ಲಿ ನಗುತ್ತ ಕೂತಳು. ಹೆಂಗಸರು ಸೋಬಾನೆ ಹೇಳಿದರು, ಈರಣ್ಣನಿಗೆ ಹೆಂಡತಿಯ ಹೆಸರು ಹೇಳಿಸಿ ಕಾಡಿದರು. ಶೇಂಗಾ ಹೋಳಿಗೆಯ ಮೇಲೆ ತುಪ್ಪ ಬಿದ್ದ ವಾಸನೆಗೆ ಓಣಿಯ ಆ ತುದಿಯವರೂ ಎದ್ದು ಬಂದರು. ಅರ್ಧ ತುಂಬಿದ ಚೀಲವನ್ನು ಎಲ್ಲರೂ ಆ ಹೊತ್ತಿಗೆ ಮರೆತಿದ್ದರು.

ಮೆಹಬೂಬನೂ ಬಂದಿದ್ದ. ಅವನ ಬಿಡಾರ ದೊಡ್ಡ ಫ್ಯಾನಿನ ಪಕ್ಕದ ಕೋಣೆ, ಅಲ್ಲಿಯ ಗಡಿಯಾರಕ್ಕೆ ಹೊತ್ತು ನೇರ ಭೂಮಿಯಿಂದ ಬರುತ್ತದೆ. ಮೂರನೆಯ ಹೋಳಿಗೆಗೆ ಕೈ ಹಾಕಿದವನ ಕಣ್ಣು ಬಡಿಗೇರರ ಮನೆಯ ಪೆಟ್ಟಿಗೆಯ ಮೇಲೆ ಬಿತ್ತು. ಅವನು ಧಡಕ್ಕನೆ ಎದ್ದ. ಚಂದ್ರನ ಮೇಲೆ ಹಾಗೆ ಏಳಬಾರದು. ತಲೆ ಹೋಗಿ ಮಾಡಿಗೆ ತಾಗಿತು.

"ಅಯ್ಯೋ, ಡ್ಯೂಟಿ ಹೊತ್ತು ಆಗಿ ಹೋತಲ್ರಿ! ನಾ ಬರ್ತೀನ್ರಿ ಅತ್ತೀ."

"ಕುಂದರಪಾ ಮೆಹಬೂಬಾ, ಉಂಡ ಹೋಗು," ಎಂದಳು ಗಂಗವ್ವ ತುಪ್ಪದ ಚಮಚ ಎತ್ತಿ. "ಅದು ನಮ್ಮನೀ ಗಡಿಯಾರ. ಇಪ್ಪತ್ತ ಮಿನಿಟ ಮುಂದ ಇರತೈತಿ."

ಮೆಹಬೂಬ ಕೂತ. ಹೆಂಗಸರು ಹಾಡು ಮುಂದುವರಿಸಿದರು. ದಾಕ್ಷಾಯಣಿಯ ಕೈಯಲ್ಲಿದ್ದ ಹೋಳಿಗೆ ಮಾತ್ರ ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಯವ್ವಾ, ಅದು ಯಾಕ ಮುಂದ ಐತಿ?"

"ಯಾಕಂದ್ರ? ನೀನ ಇಟ್ಟೀಯಲ್ಲ! ನೌಕರಿ ಹತ್ತಿದ ದಿವಸ, ತಡಾ ಆಗಬಾರದಂತ ಇಪ್ಪತ್ತ ಮಿನಿಟ ತಿರುವಿ ಇಟ್ಟಿ. ಅಂದಿಂದ ಹಂಗ ಐತಿ."

ನಿಜ. ಆಕೆಯೇ ಇಟ್ಟಿದ್ದಳು. ದಿನಾ ಬೆಳಿಗ್ಗೆ ಆ ಗಡಿಯಾರ ನೋಡಿ, ಮನಸ್ಸಿನಲ್ಲೇ ಇಪ್ಪತ್ತು ಕಳೆದು, ಇನ್ನೂ ಹೊತ್ತಿದೆ ಎಂದು ಮತ್ತೊಂದು ಲೋಟ ಚಹಾ ಕುಡಿದು ಹೋಗುತ್ತಿದ್ದಳು. ಕಳೆಯುವುದು ಉಸಿರಾಡಿದಷ್ಟು ಸಲೀಸಾಗಿ ಹೋಗಿ, ತಾನು ಕಳೆಯುತ್ತಿದ್ದೇನೆ ಎಂಬುದೇ ಆಕೆಗೆ ಮರೆತುಹೋಗಿತ್ತು.

"ನಿಮ್ಮನೀದು?" ಎಂದು ಪಕ್ಕದವಳನ್ನು ಕೇಳಿದಳು.

"ನಮ್ಮದು ಹತ್ತ ಮಿನಿಟ."

"ನಮ್ಮದು ಹದಿನೈದು. ನಮ್ಮ ಹಿರೇರಿಗೆ ಹತ್ತ ಸಾಲಂಗಿಲ್ಲ."

"ನಮ್ಮದು ಅರ್ಧಾ ತಾಸು," ಎಂದು ಬಾಗಿಲಲ್ಲಿ ದನಿ ಕೇಳಿತು. ಫಕೀರವ್ವ ಆಗ ತಾನೇ ಒಳಗೆ ಬರುತ್ತಿದ್ದಳು. "ಅಷ್ಟ ಇಟ್ಟರೂ ಹಿಂಗ ಆಗತೈತಿ ನೋಡ್ರಿ. ಉಡಿ ತುಂಬಿ ಮುಗೀತೇನು?"

ದಾಕ್ಷಾಯಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮತ್ತ ನಾ ಮನೀ ಮನೀಗೆ ಬಂದು ಗಡಿಯಾರ ಸರಿ ಐತೇನು ಅಂತ ಕೇಳಿದಾಗ ಯಾಕ ಹೇಳಲಿಲ್ಲ?"

"ಸರಿ ಐತೇನು ಅಂತ ಕೇಳಿದಿ, ಸರಿ ಐತಿ ಅಂದ್ವಿ," ಎಂದಳು ಹತ್ತು ನಿಮಿಷದವಳು, ಸ್ವಲ್ಪ ಮುನಿಸಿನಿಂದಲೇ. "ಹತ್ತ ಮಿನಿಟ ಮುಂದ ಅಂದ್ರ ಬರೋಬ್ಬರಿ ಹತ್ತ ಮಿನಿಟ ಮುಂದ. ಎಂದಾರ ಹನ್ನೊಂದ ಆಗೇತೇನು?"

ದಾಕ್ಷಾಯಣಿ ಹೋಳಿಗೆ ಕೈಯಲ್ಲೇ ಹಿಡಿದುಕೊಂಡು ಕುಣಿದಳು. ತುಪ್ಪದ ಕೈಯಿಂದಲೇ ತಂಗಿಯ ಗಲ್ಲ ಹಿಡಿದು ಮುತ್ತಿಟ್ಟಳು. ಕೆಟ್ಟ ಗಡಿಯಾರ ಹಿಂದೆಯೂ ಬೀಳಬಹುದು, ಆದರೆ ಬೇಕೆಂದೇ ಗಡಿಯಾರವನ್ನು ಹಿಂದಕ್ಕೆ ಇಟ್ಟುಕೊಳ್ಳುವ ಮನೆ ಈ ಊರಿನಲ್ಲಿ ಇಲ್ಲ. ಪೆಟ್ಟಿಗೆಗಳಿಗೆ ಭವಿಷ್ಯ ತಿಳಿದಿರಲಿಲ್ಲ. ಅವು ತಡವಾಗಿ ಏಳುವ ಜನರ ಪೆಟ್ಟಿಗೆಗಳು, ಅಷ್ಟೆ.

ಅಷ್ಟರಲ್ಲಿ ಹೆಂಗಸರ ನಡುವೆ ಗುಜುಗುಜು ಎದ್ದಿತು. "ಹಂಗಾರ ನಮ್ಮ ಗಡಿಯಾರದಿಂದನ ರೇಣುಕಾಗ ತ್ರಾಸ ಆಗೈತಿ. ನಡೀರಿ, ಈಗಿಂದೀಗ ಹೋಗಿ ಸರಿ ಮಾಡೂಣು." ಎಲ್ಲರೂ ದಡದಡ ಎದ್ದರು. ಒಂದು ಸಲ ಗಡಿಯಾರ ಸರಿ ಮಾಡಿಬಿಟ್ಟರೆ ಅದು ಮೊದಲು ಎಷ್ಟು ಮುಂದಿತ್ತು ಎಂಬುದಕ್ಕೆ ಪುರಾವೆಯೇ ಉಳಿಯುವುದಿಲ್ಲ. ದಾಕ್ಷಾಯಣಿ ಒಂದೇ ನೆಗೆತಕ್ಕೆ ಬಾಗಿಲಿಗೆ ಹಾರಿ ಎರಡೂ ಕೈ ಅಡ್ಡ ಹಿಡಿದು ನಿಂತಳು.

"ನಿಮ್ಮ ಕಾಲಿಗೆ ಬೀಳತೀನಿ, ಯಾರೂ ಗಡಿಯಾರ ಮುಟ್ಟಬ್ಯಾಡ್ರಿ! ಹೆಂಗದಾವ ಹಂಗ ಇರಲಿ!"

ಮೆಹಬೂಬ ಧ್ವನಿವರ್ಧಕದಲ್ಲಿ ಅದನ್ನೇ ಊರಿಗೆಲ್ಲ ಸಾರಿದ. ತಪ್ಪು ಗಡಿಯಾರವನ್ನು ತಪ್ಪಾಗಿಯೇ ಇಟ್ಟುಕೊಳ್ಳಿ ಎಂದು ನಿಯಂತ್ರಣ ಕೊಠಡಿಯಿಂದ ಅಪ್ಪಣೆ ಹೊರಟದ್ದು ಅದೇ ಮೊದಲು.

ಇಂದುಮತಿಯವರು ಎಲ್ಲವನ್ನೂ ಕೇಳಿದರು. ನಕ್ಕರೋ ಇಲ್ಲವೋ ಪರದೆಯಲ್ಲಿ ತಿಳಿಯಲಿಲ್ಲ. "ನಂಬೋ ಹಾಗಿದೆಯಮ್ಮ. ಆದರೆ ನಮ್ಮನೇದು ಹತ್ತು, ನಮ್ಮನೇದು ಹದಿನೈದು ಅನ್ನೋ ಮಾತಿನ ಮೇಲೆ ನಾನು ಒಂದು ಮಗುವಿನ ಉಸಿರನ್ನ ಪಣಕ್ಕಿಡೋಕೆ ಆಗಲ್ಲ. ಪ್ರತಿ ಪೆಟ್ಟಿಗೆಯೂ ಎಷ್ಟು ಮುಂದಿದೆ ಅಂತ ಅಳೆದು ತೋರಿಸಿ. ಒಂದು ಮನೆ ಬಿಟ್ಟುಹೋದರೂ ನಾನು ಒಪ್ಪೋದಿಲ್ಲ."

ಅಳೆಯುವ ಉಪಾಯ ದಾಕ್ಷಾಯಣಿಗೆ ಆಗಲೇ ಹೊಳೆದಿತ್ತು. ಪ್ರತಿ ಪೆಟ್ಟಿಗೆಗೂ ಒಂದು ಪರೀಕ್ಷೆಯ ಗುಂಡಿ ಇದೆ, ಒತ್ತಿದರೆ ಒತ್ತಿದ ಹೊತ್ತು ಅದರಲ್ಲಿ ಬರೆದುಕೊಳ್ಳುತ್ತದೆ. ಊರೆಲ್ಲ ಒಂದೇ ಕ್ಷಣಕ್ಕೆ ಗುಂಡಿ ಒತ್ತಬೇಕು. ನಿಯಂತ್ರಣ ಕೊಠಡಿಯಲ್ಲೂ ಅದೇ ಕ್ಷಣಕ್ಕೆ ಒತ್ತುವುದು. ಆಗ ಯಾವ ಪೆಟ್ಟಿಗೆ ಏನು ಬರೆದುಕೊಂಡಿತೋ ಅದರಲ್ಲಿ ನಿಜವಾದ ಹೊತ್ತನ್ನು ಕಳೆದರೆ ಆ ಮನೆ ಎಷ್ಟು ಮುಂದಿದೆ ಎಂಬುದು ಸಿಕ್ಕಿತು. ಎಲ್ಲರೂ ಒಟ್ಟಿಗೆ ಒತ್ತಬೇಕು ಎಂಬುದೊಂದೇ ಕಷ್ಟ. ಒಬ್ಬರು ತಡಮಾಡಿದರೂ ಆ ಮನೆಯ ಅಳತೆ ಕೆಟ್ಟಿತು.

ಒಬ್ಬರು ಎಂದರೆ ಯಾರೆಂದು ಊರಿಗೆಲ್ಲ ಗೊತ್ತಿತ್ತು. "ಫಕೀರವ್ವಗ ಬ್ಯಾರೆ ಹೊತ್ತು ಹೇಳೂಣ್ರಿ ಅಕ್ಕಾರ, ಒಂದ ತಾಸು ಮೊದಲ," ಎಂದ ಮೆಹಬೂಬ.

"ಬ್ಯಾಡ. ಅಕಿಗೆ ಸುಳ್ಳ ಹೇಳೂದು ಬ್ಯಾಡ. ಅಕಿ ಬಂದ ಮ್ಯಾಲ ಎಣಿಕಿ ಸುರು ಮಾಡೂಣು. ಊರು ಕಾಯಲಿ," ಎಂದಳು ದಾಕ್ಷಾಯಣಿ.

ಆ ದಿನ ಗವಿಪೇಟೆಯಲ್ಲಿ ಕಲ್ಲಿನ ಕೆಲಸ ನಿಂತಿತು, ಒಲೆಗಳು ಆರಿದವು. ಮನೆಗೊಬ್ಬರಂತೆ ಪೆಟ್ಟಿಗೆಯ ಮುಂದೆ ಬೆರಳು ಚಾಚಿ ನಿಂತರು. ರೇಣುಕಾ ತವರುಮನೆಯ ಗುಂಡಿ ತಾನೇ ಒತ್ತುತ್ತೇನೆಂದು ಹಟ ಹಿಡಿದು, ಹೊಟ್ಟೆಯ ಮೇಲೆ ಒಂದು ಕೈ, ಗುಂಡಿಯ ಮೇಲೆ ಒಂದು ಕೈ ಇಟ್ಟು ನಿಂತಿದ್ದಳು. ದಾಕ್ಷಾಯಣಿ ಧ್ವನಿವರ್ಧಕದ ಮುಂದೆ ಕೂತು ಗಂಟಲು ಸರಿಮಾಡಿಕೊಂಡಳು.

"ಎಲ್ಲಾರೂ ತಯಾರ ಅದೀರೇನ್ರಿ? ಫಕೀರವ್ವ ಒಬ್ಬಾಕಿ ಬರಲಿ, ಸುರು ಮಾಡತೀನಿ. ಆಕಿ ಮನೀ ಹತ್ರ ಇದ್ದವರು ಯಾರಾರ ನೋಡಿ ಹೇಳ್ರಿ."

ಕೊನೆಯ ಓಣಿಯ ಮೈಕಿನಿಂದ ಫಕೀರವ್ವನ ದನಿಯೇ ಸಿಡಿಯಿತು.

"ನಾ ಮುಂಜಾನಿಯಿಂದ ಇಲ್ಲೇ ಕುಂತೀನಿ! ತ್ವಾಟಕ್ಕೂ ಹೋಗಿಲ್ಲ, ನೀರೂ ಕುಡದಿಲ್ಲ. ಬಟ್ಟು ಜೋಮು ಹಿಡದೈತಿ. ನೀವ ತಡಾ ಮಾಡಾಕತ್ತೀರಿ, ನೀವು!"

ಇಡೀ ಗವಿ ನಕ್ಕಿತು. ಕಲ್ಲಿನ ಗೋಡೆಗಳಿಗೆ ಬಡಿದು ಆ ನಗು ಊರಿನ ಈ ತುದಿಯಿಂದ ಆ ತುದಿಗೆ ಹೋಗಿ ಮರಳಿ ಬಂತು. ನಗು ನಿಲ್ಲುವ ತನಕ ಎಣಿಕೆ ಮಾಡುವ ಹಾಗಿರಲಿಲ್ಲ. ಕಡೆಗೆ ದಾಕ್ಷಾಯಣಿ ಎಣಿಸಿದಳು. ಕೊನೆಯ ಅಂಕಿಗೆ ಗವಿಪೇಟೆಯ ಮುನ್ನೂರು ಬೆರಳುಗಳು ಒಟ್ಟಿಗೆ ಇಳಿದವು. ಈ ಊರಿನ ಜನ ಒಂದು ಕೆಲಸವನ್ನು ಒಂದೇ ಹೊತ್ತಿಗೆ ಮಾಡಿದ್ದು ಬಹುಶಃ ಅದೊಂದೇ ಸಲ.

ಅಳತೆಗಳು ಬಂದವು. ಸರ್ವರ್ ಪ್ರತಿ ಮನೆಯ ಹಳೆಯ ಸಾಲಿನಿಂದ ಆ ಮನೆಯ ಮುಂದಿನ ನಿಮಿಷಗಳನ್ನು ಕಳೆದು, ಫ್ಯಾನು ನಿಂತ ದಿನದ ಪುಟವನ್ನು ಮತ್ತೆ ಪೋಣಿಸಿತು. ದಾಕ್ಷಾಯಣಿ, ಮೆಹಬೂಬ, ಅಲ್ಲಿ ಭೂಮಿಯ ಮೇಲೆ ಇಂದುಮತಿಯವರು ಮೂವರೂ ಪರದೆ ನೋಡಿದರು. ಎಲ್ಲಕ್ಕಿಂತ ಮೇಲೆ ದೊಡ್ಡ ಫ್ಯಾನು ನಿಂತ ಸಾಲು. ಅದರ ಕೆಳಗೆ ಫ್ಯಾನಿಗೆ ಹತ್ತಿರದ ಓಣಿ, ಆಮೇಲೆ ಅದರ ಮುಂದಿನ ಓಣಿ, ಆಮೇಲೆ ಅದರಾಚೆಯದು. ಒತ್ತಡ ಇಳಿದ ಸುದ್ದಿ ಕೊಳವೆಯಲ್ಲಿ ಹರಿದ ಹಾಗೆಲ್ಲ ಮನೆಗಳು ಸರದಿಯಂತೆ ಬಾಯಿ ಮುಚ್ಚಿಕೊಂಡಿದ್ದವು. ಬೆರಳಿನ ಚುರುಕು ನಿಧಾನದಿಂದ ಅಕ್ಕಪಕ್ಕದ ಒಂದೆರಡು ಮನೆ ಹಿಂದುಮುಂದಾಗಿದ್ದರೂ ಓಣಿಗಳ ಸರದಿ ತಪ್ಪಿರಲಿಲ್ಲ. ಅರ್ಧ ಗಂಟೆ ಮುಂಚೆ ಎಲ್ಲ ಬಲ್ಲದ್ದೆಂದು ಮೆರೆದ ಫಕೀರವ್ವನ ಪೆಟ್ಟಿಗೆ ಎಲ್ಲರಿಗಿಂತ ಕೊನೆಯಲ್ಲಿ ಮುಚ್ಚಿತ್ತು.

"ಪೆಟಗಿನೂ ಆಕಿ ಹಂಗ," ಎಂದ ಮೆಹಬೂಬ.

ಇಂದುಮತಿಯವರು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓಣಿ ಓಣಿಯಾಗಿ ಓದಿದರು. "ಒಂದು ಓಣಿಯ ಸರದಿಯೂ ತಪ್ಪಿಲ್ಲ," ಎಂದರು ಕಡೆಗೆ. "ನಿಮ್ಮ ಪೆಟ್ಟಿಗೆಗಳು ಫ್ಯಾನನ್ನ ನಿಲ್ಲಿಸಿಲ್ಲ, ಊರನ್ನ ಕಾಪಾಡಿವೆ. ನಿಮ್ಮ ತಂಗಿ ಅಲ್ಲೇ ಇರಲಿ. ನೌಕೆಯಲ್ಲಿ ಅವರ ಜಾಗವನ್ನ ರದ್ದು ಮಾಡ್ತೇನೆ." ಆಮೇಲೆ ದನಿ ತಗ್ಗಿಸಿ ಸೇರಿಸಿದರು: "ಇದನ್ನ ದಾಖಲೆಯಲ್ಲಿ ಬರೆಯಬೇಡಿ. ನಮ್ಮನೆ ಅಡುಗೆಮನೆ ಗಡಿಯಾರನೂ ಏಳು ನಿಮಿಷ ಮುಂದಿದೆ. ನನಗೆ ಈಗ ನೆನಪಾಯ್ತು."

ದಾಕ್ಷಾಯಣಿ ಮನೆಗೆ ಓಡಿದಳು. ಬಾಗಿಲಲ್ಲೇ ಕೂಗಿ ಹೇಳಿದಳು. ಗಂಗವ್ವ ಅತ್ತಳು, ಈರಣ್ಣನೂ ಈ ಸಲ ಅತ್ತ. ರೇಣುಕಾ ಒಳಗೆ ಹೋಗಿ ಚೀಲವನ್ನು ತಲೆಕೆಳಗು ಮಾಡಿ ಸುರಿದಳು. ಮಡಚಿದ ಬಟ್ಟೆಗಳು ನಿಧಾನವಾಗಿ, ಒಂದೊಂದಾಗಿ ನೆಲಕ್ಕೆ ಇಳಿದವು.

ಗಡಿಯಾರಗಳನ್ನು ಈಗಲಾದರೂ ಸರಿ ಮಾಡಿಕೊಳ್ಳಿ ಎಂದು ನಿಯಂತ್ರಣ ಕೊಠಡಿಯಿಂದ ಅಪ್ಪಣೆ ಹೊರಟಿತು. ಊರು ಕೇಳಲಿಲ್ಲ. ಸರಿ ಹೊತ್ತು ತೋರಿಸುವ ಗಡಿಯಾರ ಇಟ್ಟುಕೊಂಡು ಕೆಲಸಕ್ಕೆ ತಡವಾಗಿ ಹೋಗುವುದೇ ಎಂದು ತಿರುಗಿ ಕೇಳಿತು. ದಾಕ್ಷಾಯಣಿ ಸೋತು, ಸರ್ವರಿನಲ್ಲೇ ಪ್ರತಿ ಮನೆಗೂ ಕಳೆಯಬೇಕಾದ ನಿಮಿಷಗಳನ್ನು ಬರೆದಿಟ್ಟಳು. ಪೆಟ್ಟಿಗೆಗಳು ಆದದ್ದನ್ನು ಆದ ಕೂಡಲೇ ಕಳಿಸುವ ಹಾಗೂ ಮಾಡಿದಳು.

ನೋವು ಕಾಣಿಸಿಕೊಂಡ ದಿನ ದಾಕ್ಷಾಯಣಿ ತಂಗಿಯ ಹತ್ತಿರ ಇರಲಿಲ್ಲ. ದವಾಖಾನೆಯ ಹೆರಿಗೆ ಕೋಣೆಯ ಗಾಳಿಯೇ ಬೇರೆ, ಅದರ ಬಾಗಿಲು ಹಾಕಿದರೆ ಒಳಗೆ ಹೆರುವವಳು ಮತ್ತು ಸೂಲಗಿತ್ತಿ ನರ್ಸ್ ಇಬ್ಬರೇ. ಗಂಗವ್ವ, ಈರಣ್ಣ, ಅರ್ಧ ಓಣಿ ಹೊರಗೆ ಕೂತಿದ್ದರು. ದಾಕ್ಷಾಯಣಿಗೆ ಡ್ಯೂಟಿ. ಊರಿನ ಗಾಳಿ ಕಾಯುವವಳು ಅಂದು ತನ್ನ ಜಾಗ ಬಿಟ್ಟು ಏಳುವ ಹಾಗಿರಲಿಲ್ಲ, ಏಳುವ ಮನಸ್ಸೂ ಇರಲಿಲ್ಲ. ಆಕೆ ಪರದೆಯ ಮೇಲೆ ಉಳಿದ ಮನೆಗಳನ್ನೆಲ್ಲ ಸರಿಸಿ, ಆ ಒಂದು ಕೋಣೆಯ ಸಾಲುಗಳನ್ನೇ ನೋಡುತ್ತ ಕೂತಳು. ಆ ಕೋಣೆಯ ಪೆಟ್ಟಿಗೆ ಹೊಸದು. ಒಳಗೆ ಎಷ್ಟು ಜನ ಉಸಿರಾಡುತ್ತಿದ್ದಾರೆಂದು ಆಗಾಗ ಎಣಿಸಿ ಬರೆಯುತ್ತಿತ್ತು.

ಹೆರಿಗೆ ಕೋಣೆ: ಉಸಿರು ಎರಡು.

ಹೆರಿಗೆ ಕೋಣೆ: ಉಸಿರು ಎರಡು. ಒಂದು ಜೋರು.

ಮೆಹಬೂಬ ಚಹಾ ತಂದಿಟ್ಟ, ಅದು ತಣ್ಣಗಾಯಿತು. ಅವನೂ ಪಕ್ಕದಲ್ಲಿ ಕೂತ. ಮತ್ತೆ ಎರಡು, ಮತ್ತೆ ಎರಡು. ತಾನು ಆಸ್ಪತ್ರೆಗೆ ಹೋಗುವ ನೌಕೆಯನ್ನು ತಪ್ಪಿಸಿ ತಪ್ಪು ಮಾಡಿದೆನೋ ಏನೋ ಎಂದು ದಾಕ್ಷಾಯಣಿಗೆ ಒಂದು ಗಳಿಗೆ ಅನ್ನಿಸಿಬಿಟ್ಟಿತು. ಆಗ ಇನ್ನೊಂದು ಸಾಲು ಮೂಡಿತು.

ಹೆರಿಗೆ ಕೋಣೆ: ಉಸಿರು ಮೂರು. ಬಾಗಿಲು ತೆರೆದಿಲ್ಲ. ಕಾರಣ ತಿಳಿಯದು.

ಆ ಸಾಲಿನ ಎದುರು ಕಾರಣ ಬರೆಯುವ ಜಾಗ ಖಾಲಿಯಾಗಿ ಮಿಣುಕುತ್ತಿತ್ತು. ದಾಕ್ಷಾಯಣಿಗೆ ಅಕ್ಷರಗಳು ಮಂಜಾದವು. ಕಣ್ಣು ಒರೆಸಿಕೊಂಡು, ಮಂಡಳಿಯ ಭಾಷೆಯನ್ನೆಲ್ಲ ಬದಿಗಿಟ್ಟು, ಮನೆಯಲ್ಲಿ ಆಡುವ ಮಾತನ್ನೇ ಒಂದೊಂದು ಅಕ್ಷರವಾಗಿ ಒತ್ತಿದಳು.

ನಮ್ಮ ಕೂಸು ಬಂತು.

ಮೂರು ಸೆಕೆಂಡು ಕಳೆಯಿತು. ಭೂಮಿಯಿಂದ ಇಂದುಮತಿಯವರ ಉತ್ತರ ಆ ಸಾಲಿನ ಕೊನೆಗೆ ಬಂದು ಕೂತಿತು.

ಕಾರಣ ಒಪ್ಪಿದೆ.